ಬ್ಯಾಂಕಿನ ಎಣಿಕೆಯಲ್ಲಿ ಗಣ್ಯವಾದುದು ಯಾವುದು?

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ ಕಾಸರಗೋಡಿನಲ್ಲಿ ಮಾಡಿದ ಭಾಷಣದ ಪಾಠ)



ನಿನ್ನೆಯಿಂದ ಈ ವೇದಿಕೆಯ ಮೇಲೆ ಸಾಹಿತ್ಯದ ವಿಚಾರ, ಯಕ್ಷಗಾನದ ವಿಚಾರ, ನಮ್ಮ ಶಾಲೆಗಳ ವಿಚಾರ ಇವುಗಳನ್ನೆಲ್ಲ ಬಲ್ಲವರ ಬಾಯಿಂದ ಕೇಳಿದ್ದೀರಿ. ಅಂಥ ಸಭೆಯ ಮುಂದೆ ಸಾಲ, ಠೇವಣಿ, ಬಡ್ಡಿಗಳ ಮಾತನ್ನು ಎತ್ತಿಕೊಂಡು ನಿಲ್ಲುವುದಕ್ಕೆ ನಮಗೇ ಸ್ವಲ್ಪ ಸಂಕೋಚವಾಗುತ್ತಿದೆ. ಆದರೆ ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದಾಗ, “ನಿಮಗೆ ತಿಳಿದುದನ್ನು ಹೇಳಿದರೆ ಸಾಕು” ಎಂದು ಅಪ್ಪಣೆ ಕೊಡಿಸಿದರು. ಮೂವತ್ತು ವರ್ಷಕ್ಕೂ ಮಿಕ್ಕು ಬ್ಯಾಂಕಿನ ಮೇಜಿನ ಹಿಂದೆ ಕುಳಿತು ದಿನ ಕಳೆದ ನಮಗೆ ತಿಳಿದುದು ಅಷ್ಟೆ. ಆದುದರಿಂದ ತಮ್ಮ ಸಹನೆಯನ್ನು ಬೇಡಿಕೊಂಡು ಆರಂಭಿಸುತ್ತೇವೆ.

ಬ್ಯಾಂಕುಗಳು ವರ್ಷಕ್ಕೊಮ್ಮೆ ಅಢಾವೆ ಪತ್ರಿಕೆಯನ್ನು ಪ್ರಕಟಿಸುವುದು ತಮಗೆಲ್ಲ ಗೊತ್ತಿರುವ ಸಂಗತಿ. ಎಷ್ಟು ಠೇವಣಿ ಬಂತು, ಎಷ್ಟು ಸಾಲ ಹೋಯಿತು, ಲಾಭವೆಷ್ಟು, ಬಾರದ ಸಾಲವೆಷ್ಟು ಎಂಬುದರ ಲೆಕ್ಕ ಅದರಲ್ಲಿರುತ್ತದೆ. ಈಚೆಗೆ ಅದರ ಜೊತೆಯಲ್ಲಿ ಇನ್ನೊಂದು ವರದಿಯೂ ಹೊರಡುತ್ತಿದೆ. ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಪೇಟೆಯ ಬೆಲೆಯ ಲೆಕ್ಕದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ಕಂಪೆನಿಗಳು 2022-23ನೆಯ ಸಾಲಿನಿಂದ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಒಪ್ಪಿಸಬೇಕಾಯಿತು. ದೊಡ್ಡ ಬ್ಯಾಂಕುಗಳೆಲ್ಲ ಈ ಸಾವಿರದೊಳಗೆ ಬರುತ್ತವೆ. ಸುಸ್ಥಿರತೆ ಎಂಬ ಮಾತು ಹೊಸದಾಗಿ ಕಂಡರೂ ಅದರ ಅರ್ಥ ಬ್ಯಾಂಕಿನವನಿಗೆ ಹೊಸದಲ್ಲ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಬಾಳುವುದು ಎಂದರೆ ಅದೇ. ಇಲ್ಲಿ ಅಸಲು ಎಂದರೆ ನೀರು, ಮಣ್ಣು, ಕಾಡು, ಗಾಳಿ, ಜನರ ಆರೋಗ್ಯ, ಜನರ ಪರಸ್ಪರ ವಿಶ್ವಾಸ. ಇವನ್ನು ಕರಗಿಸದೆ ವ್ಯವಹಾರ ನಡೆಸುತ್ತಿರುವಿರೋ ಇಲ್ಲವೋ ಎಂದು ಆ ವರದಿ ಕೇಳುತ್ತದೆ.

ಆ ವರದಿಯ ಮೊದಲ ಭಾಗದ ಕೊನೆಯ ಕಡೆಗೆ ಒಂದು ಕೋಷ್ಟಕವಿದೆ. ನಿಮ್ಮ ವ್ಯವಹಾರದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯಗಳು ಯಾವುವು, ಅವು ಅಪಾಯವೋ ಅವಕಾಶವೋ, ಹಾಗೆಂದು ಎಣಿಸಲು ಕಾರಣವೇನು, ಅಪಾಯವಾದರೆ ಅದನ್ನು ಎದುರಿಸುವ ಬಗೆ ಯಾವುದು, ಹಣದ ಲೆಕ್ಕದಲ್ಲಿ ಅದರ ಫಲ ಒಳಿತೋ ಕೆಡುಕೋ ಎಂದು ಅದರ ಅಂಕಣಗಳು ಕೇಳುತ್ತವೆ. ಹೀಗೆ ಮುಖ್ಯವಾದುದನ್ನು ಆರಿಸುವ ಕೆಲಸಕ್ಕೆ ಲೆಕ್ಕಿಗರು ಮೆಟೀರಿಯಾಲಿಟಿ ಎಂಬ ಹೆಸರನ್ನಿಟ್ಟಿದ್ದಾರೆ. ಕನ್ನಡದಲ್ಲಿ ಇದನ್ನು ಗಣ್ಯತೆ ಎಂದು ಕರೆಯಬಹುದೆಂದು ನಮಗೆ ತೋರುತ್ತದೆ. ನಗಣ್ಯ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಎಣಿಕೆಗೆ ಬಾರದ್ದು ಎಂದು ಅದರ ಅರ್ಥ. ಎಣಿಕೆಗೆ ಬರುವುದು ಗಣ್ಯ. ಯಾವುದು ಗಣ್ಯ, ಯಾವುದು ನಗಣ್ಯ ಎಂದು ಬ್ಯಾಂಕು ಹೇಗೆ ತೀರ್ಮಾನಿಸುತ್ತದೆ, ಆ ತೀರ್ಮಾನಕ್ಕೂ ಈ ಗಡಿನಾಡಿನಲ್ಲಿ ಕುಳಿತಿರುವ ನಮಗೂ ಏನು ಸಂಬಂಧ ಎಂಬುದೇ ಇಂದಿನ ವಿಷಯ.

ಕಾಗದದ ಮೇಲೆ ಕ್ರಮ ಸರಳವಾಗಿಯೇ ಇದೆ. ಪ್ರಧಾನ ಕಚೇರಿಯಲ್ಲಿ ಕೆಲವು ಅಧಿಕಾರಿಗಳೂ ಹೊರಗಿನಿಂದ ಕರೆಸಿದ ಸಲಹೆಗಾರರೂ ಸೇರಿ ಮೊದಲು ಒಂದು ಉದ್ದನೆಯ ಪಟ್ಟಿ ಮಾಡುತ್ತಾರೆ. ಲೋಕದ ಬೇರೆ ಬೇರೆ ಮಂಡಲಿಗಳು ಹೊರಡಿಸಿದ ಮಾನದಂಡಗಳು, ಸರ್ಕಾರದ ಹಾಗೂ ರಿಸರ್ವ್ ಬ್ಯಾಂಕಿನ ನಿಯಮಗಳು, ನೆರೆಯ ಬ್ಯಾಂಕುಗಳು ಹಿಂದಿನ ವರ್ಷ ಬರೆದ ಪಟ್ಟಿಗಳು, ಇವುಗಳಿಂದ ಮೂವತ್ತೋ ನಾಲ್ವತ್ತೋ ವಿಷಯಗಳು ದೊರೆಯುತ್ತವೆ. ಗಿರಾಕಿಗಳ ಮಾಹಿತಿಯ ರಕ್ಷಣೆ, ನೌಕರರ ಕ್ಷೇಮ, ಲಂಚ ವಂಚನೆಗಳ ತಡೆ, ಬಡವರಿಗೂ ಖಾತೆ ದೊರೆಯುವಂತೆ ಮಾಡುವುದು, ಕಟ್ಟಡಗಳ ವಿದ್ಯುತ್ತಿನ ಖರ್ಚು, ಹವಾಮಾನದ ಬದಲಾವಣೆ ಇತ್ಯಾದಿ. ಅನಂತರ ಒಂದು ಪ್ರಶ್ನಾವಳಿಯನ್ನು ಅಚ್ಚು ಹಾಕಿ ಷೇರುದಾರರಿಗೆ, ಠೇವಣಿದಾರರಿಗೆ, ನೌಕರರಿಗೆ, ಸಾಲಗಾರರಿಗೆ ಕಳುಹಿಸಿ, ಒಂದೊಂದಕ್ಕೂ ಒಂದರಿಂದ ಐದರ ವರೆಗೆ ಅಂಕ ಕೊಡಿರೆಂದು ಕೇಳುತ್ತಾರೆ. ಬಂದ ಅಂಕಗಳ ಸರಾಸರಿ ತೆಗೆದು ಒಂದು ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ಅಡ್ಡಗೆರೆಯಲ್ಲಿ ಬ್ಯಾಂಕಿನ ಲಾಭ ನಷ್ಟಕ್ಕೆ ಎಷ್ಟು ಮುಖ್ಯ ಎಂಬುದು, ನೆಟ್ಟಗೆರೆಯಲ್ಲಿ ಜನರ ದೃಷ್ಟಿಯಲ್ಲಿ ಎಷ್ಟು ಮುಖ್ಯ ಎಂಬುದು. ಬಲಗಡೆಯ ಮೇಲಿನ ಮೂಲೆಗೆ ಬಂದ ಹತ್ತೆಂಟು ವಿಷಯಗಳು ಗಣ್ಯ, ಉಳಿದವು ಬಹುಮಟ್ಟಿಗೆ ನಗಣ್ಯ. ಆಡಳಿತ ಮಂಡಲಿಯ ಅನುಮೋದನೆಯಾದರೆ ಕೆಲಸ ಮುಗಿಯಿತು.

ಇದರಲ್ಲಿ ದೋಷವೇನು ಎಂದು ಕೇಳಬಹುದು. ನಾವು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಇಂಥ ಒಂದು ಪ್ರಶ್ನಾವಳಿ ನಮ್ಮ ಶಾಖೆಗೂ ಬಂದಿತ್ತು. ಇಪ್ಪತ್ತು ಮಂದಿ ಠೇವಣಿದಾರರಿಂದ ತುಂಬಿಸಿ ಶನಿವಾರದೊಳಗೆ ಕಳುಹಿಸಬೇಕೆಂದು ಅಪ್ಪಣೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದುವು. ಆ ವಾರ ಪಿಂಚಣಿಯ ವಾರ. ಮೇಜಿನ ಮುಂದೆ ಜನ ಬಾಗಿಲಿನ ವರೆಗೆ ನಿಂತಿದ್ದರು. ಶುಕ್ರವಾರ ಸಂಜೆ ನಾವೂ ಇಬ್ಬರು ಗುಮಾಸ್ತರೂ ಕುಳಿತು ಇಪ್ಪತ್ತು ಕಾಗದಗಳನ್ನೂ ನಾವೇ ತುಂಬಿದೆವು. ಮಾಹಿತಿಯ ರಕ್ಷಣೆಗೆ ಐದು, ಪ್ರಾಮಾಣಿಕತೆಗೆ ಐದು, ನೀರಿಗೆ ಮೂರು. ಎಲ್ಲ ಒಂದೇ ಆಗಬಾರದೆಂದು ಅಲ್ಲೊಂದು ಇಲ್ಲೊಂದು ನಾಲ್ಕನ್ನು ಹಾಕಿದ್ದೂ ಉಂಟು. ಮುಂದಿನ ವರ್ಷ ಅಚ್ಚಾಗಿ ಬಂದ ಸುಂದರವಾದ ನಕ್ಷೆಯಲ್ಲಿ ನಮ್ಮ ಆ ಸಂಜೆಯ ಕೆಲಸವೂ ಒಂದಂಶವಾಗಿ ಸೇರಿರಬೇಕು. ಇದನ್ನು ಇನ್ನೊಬ್ಬರ ಮೇಲೆ ದೂರಾಗಿ ಹೇಳುತ್ತಿಲ್ಲ, ತಪ್ಪು ನಮ್ಮದು.

ಕೇಳಬೇಕಾದವರನ್ನು ಕೇಳದೆ ಗಣ್ಯತೆಯನ್ನು ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ತಾವು ಒಂದು ಗಳಿಗೆ ನಮ್ಮ ಜೊತೆ ನರ್ಮದೆಯ ದಂಡೆಗೆ ಬರಬೇಕು. 1985ರಲ್ಲಿ ವಿಶ್ವಬ್ಯಾಂಕು ಗುಜರಾತಿನ ಸರ್ದಾರ್ ಸರೋವರ ಯೋಜನೆಗೆ 45 ಕೋಟಿ ಡಾಲರುಗಳ ನೆರವನ್ನು ಒಪ್ಪಿತು. ಎಷ್ಟು ನೆಲಕ್ಕೆ ನೀರು, ಎಷ್ಟು ವಿದ್ಯುತ್ತು, ಎಷ್ಟು ಹುಟ್ಟುವಳಿ ಎಂಬ ಲೆಕ್ಕಗಳು ಸಿದ್ಧವಾಗಿದ್ದುವು. ಮುಳುಗಡೆಯಾಗುವ ಹಳ್ಳಿಗಳ ಆದಿವಾಸಿಗಳು ಎಲ್ಲಿಗೆ ಹೋಗಬೇಕು, ಕಾಲುವೆಗಾಗಿ ನೆಲ ಬಿಟ್ಟವರ ಗತಿಯೇನು, ಕೆಳದಂಡೆಯ ಮೀನುಗಾರರ ಪಾಡೇನು ಎಂಬ ಲೆಕ್ಕಗಳು ಮಾತ್ರ ಸಿದ್ಧವಿರಲಿಲ್ಲ. ಆ ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 1991ರಲ್ಲಿ ಬ್ಯಾಂಕು ಬ್ರಾಡ್‌ಫರ್ಡ್ ಮೋರ್ಸ್ ಎಂಬವರ ಮುಂದಾಳುತನದಲ್ಲಿ ಒಂದು ಸ್ವತಂತ್ರ ಪರಿಶೀಲನ ಮಂಡಲಿಯನ್ನು ನೇಮಿಸಿತು. ಮಂಡಲಿಯವರು ದೋಣಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಹಳ್ಳಿಗಳಿಗೆ ಹೋಗಿ ಕೇಳಿ ಬಂದು 1992ರ ಜೂನ್ ತಿಂಗಳಲ್ಲಿ ವರದಿ ಒಪ್ಪಿಸಿದರು. ಪುನರ್ವಸತಿಯನ್ನೂ ಪರಿಸರವನ್ನೂ ಸರಿಯಾಗಿ ಅಳೆಯದೆ ಕೆಲಸ ಆರಂಭವಾಗಿದೆ, ಬ್ಯಾಂಕು ಒಂದು ಹೆಜ್ಜೆ ಹಿಂದೆ ಸರಿದು ಯೋಚಿಸುವುದು ಉಚಿತ ಎಂಬುದು ಅವರ ಅಭಿಪ್ರಾಯ. 1993ರ ಮಾರ್ಚ್ ತಿಂಗಳಲ್ಲಿ ಭಾರತ ಸರ್ಕಾರ ಉಳಿದ ಸಾಲ ಬೇಡವೆಂದು ತಿಳಿಸಿತು. ಅಣೆಕಟ್ಟು ನಿಲ್ಲಲಿಲ್ಲ, 2017ರಲ್ಲಿ ಅದರ ಉದ್ಘಾಟನೆಯೂ ಆಯಿತು. ಆದರೆ 1993ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕು ತನ್ನ ಯೋಜನೆಗಳಿಂದ ಬಾಧೆಗೊಳಗಾದವರ ದೂರನ್ನು ಕೇಳುವುದಕ್ಕಾಗಿ ಒಂದು ಕಾಯಮ್ಮಾದ ತನಿಖಾ ಮಂಡಲಿಯನ್ನು ಸ್ಥಾಪಿಸಿಕೊಂಡಿತು. ಹತ್ತು ವರ್ಷಗಳ ಮೇಲೆ, 2003ರಲ್ಲಿ, ಖಾಸಗಿಯ ಹತ್ತು ದೊಡ್ಡ ಬ್ಯಾಂಕುಗಳು ಈಕ್ವೇಟರ್ ಸೂತ್ರಗಳೆಂಬ ಹೆಸರಿನಲ್ಲಿ ಇಂಥದೇ ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡುವು. 1985ರಲ್ಲಿ ನಗಣ್ಯವಾಗಿದ್ದುದು ಕೆಲವೇ ವರ್ಷಗಳಲ್ಲಿ ಗಣ್ಯವಾಯಿತು. ಆದರೆ ಅಷ್ಟರಲ್ಲಿ ಸಾಲದ ಬಹುಭಾಗ ಹೋಗಿ ಆಗಿತ್ತು.

ನರ್ಮದೆಯಿಂದ ಮರಳಿ ನಮ್ಮ ಗುಡ್ಡಗಳಿಗೆ ಬರೋಣ. ಇಲ್ಲಿ ಅಷ್ಟು ದೊಡ್ಡ ಅಣೆಕಟ್ಟಿಲ್ಲ, ಅಷ್ಟು ದೊಡ್ಡ ಸಾಲವೂ ಇಲ್ಲ. ಒಂದು ಎಕರೆ ಕಂಗಿನ ತೋಟ, ಹತ್ತು ತೆಂಗು, ಮನೆಯ ಹಿಂದೆ ಗುಡ್ಡದ ಮೈಯನ್ನು ಅಡ್ಡಕ್ಕೆ ಕೊರೆದು ನೀರು ತಂದ ಸುರಂಗ, ಇಷ್ಟೇ ಆಸ್ತಿಯ ಒಬ್ಬ ವಿಧವೆ ನಮ್ಮ ಶಾಖೆಗೆ ಬರುತ್ತಿದ್ದರು. ಅವರ ಮಾವನವರ ಕಾಲದ ಸುರಂಗದಲ್ಲಿ ನೀರು ಕಡಿಮೆಯಾಗುತ್ತ ಬಂದಿತ್ತು. ಕೊಳವೆಬಾವಿ ತೋಡಿಸುವುದಕ್ಕೆಂದು ಮೊದಲು ಬಂದಾಗ ಕುತ್ತಿಗೆಯ ಸರವನ್ನು ಒತ್ತೆಯಿಟ್ಟುಕೊಂಡು ಕೃಷಿಯ ಬಾಬಿನಲ್ಲಿ ಚಿನ್ನದ ಸಾಲ ಕೊಟ್ಟೆವು. ನೀರು ಬಂತು, ಎರಡು ಬೇಸಗೆ ನಿಂತಿತು. ಅಷ್ಟರಲ್ಲಿ ನೆರೆಯವರೂ ತೋಡಿಸಿದರು. ಅವರಿಗೂ ಸಾಲ ಕೊಟ್ಟವರು ನಾವೇ. ಮೂರನೆಯ ಬೇಸಗೆಗೆ ಈಕೆಯದು ಬತ್ತಿತು. ಎರಡನೆಯ ಬಾವಿಗೆ ಮಗಳಿಗೆಂದು ಇಟ್ಟಿದ್ದ ಎಂಟು ಪವನು ಬಂತು. ಅದರಲ್ಲಿ ಬರಿಯ ಧೂಳು ಹಾರಿತು.

ಬ್ಯಾಂಕಿನ ಪುಸ್ತಕದಲ್ಲಿ ಈ ಸಾಲಗಳು ಹೇಗೆ ಕಾಣುತ್ತಿದ್ದುವು ಎಂಬುದನ್ನು ತಾವು ಗಮನಿಸಬೇಕು. ಒತ್ತೆ ಚಿನ್ನ, ಬೆಲೆ ಸಾಲಕ್ಕಿಂತ ಹೆಚ್ಚು. ಬಾವಿಯಲ್ಲಿ ನೀರು ಬಂದರೂ ಬ್ಯಾಂಕಿಗೆ ಹಣ ಬರುತ್ತದೆ, ಬಾರದಿದ್ದರೂ ಬರುತ್ತದೆ. ಅಪಾಯದ ಅಂಕಣದಲ್ಲಿ ಸೊನ್ನೆ. ಅದೂ ಅಲ್ಲದೆ ಆದ್ಯತೆಯ ರಂಗಗಳಿಗೆ ಕೊಡಬೇಕಾದ ಶೇಕಡಾ 40ರ ಗುರಿಯಲ್ಲಿ ಈ ಕೃಷಿ ಸಾಲವೂ ಸೇರಿ ಶಾಖೆಗೆ ಒಳ್ಳೆಯ ಹೆಸರು. ಒಂದೊಂದು ಸಾಲವೂ ತನ್ನಷ್ಟಕ್ಕೆ ನಿರ್ದುಷ್ಟವಾಗಿತ್ತು. ಎಲ್ಲ ಸಾಲಗಳೂ ಕೂಡಿ ಒಂದು ಗುಡ್ಡದ ನೀರನ್ನು ಹೀರಿದುವು. ಅವಧಿ ಕಳೆದ ಮೇಲೆ ಒಡವೆಯ ಹರಾಜಿನ ನೋಟೀಸಿಗೆ ಸಹಿ ಮಾಡಿದವರೂ ನಾವೇ. ಆ ದಿನ ಆಕೆ ಬಂದು ಕುಳಿತು ಬಹಳ ಹೊತ್ತು ಸುಮ್ಮನಿದ್ದರು.

“ಅಕ್ಕ, ನಿಯಮ ಹಾಗಿದೆ, ನಾವೇನು ಮಾಡಲಿಕ್ಕೂ ಆಗುವುದಿಲ್ಲ” ಎಂದೆವು.

“ನಿಮ್ಮದು ತಪ್ಪೆಂದು ನಾನು ಹೇಳುವುದಿಲ್ಲ ಮೇನೇಜರೆ. ಆದರೆ ಕೊಡುವಾಗ ಒಂದು ಮಾತು ಕೇಳಬಹುದಿತ್ತು, ಆ ಗುಡ್ಡೆಯಲ್ಲಿ ಇನ್ನೆಷ್ಟು ಬಾವಿ ಇದೆ ಅಂತ. ಎಲ್ಲರಿಗೂ ಕೊಟ್ಟವರು ನೀವೇ ಅಲ್ಲವೋ, ನಿಮಗೆ ಗೊತ್ತಿತ್ತಲ್ಲ” ಎಂದರು.

ನಮಗೆ ಗೊತ್ತಿತ್ತು. ಪುಸ್ತಕಗಳು ನಮ್ಮ ಕಪಾಟಿನಲ್ಲಿಯೇ ಇದ್ದುವು. ಆದರೆ ಅವನ್ನು ಆ ದೃಷ್ಟಿಯಿಂದ ಒಟ್ಟಿಗೆ ತೆರೆದು ನೋಡಿರೆಂದು ಯಾರೂ ಕೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಪ್ರಶ್ನಾವಳಿಯಲ್ಲಿ ನೀರಿಗೆ ಮೂರು ಅಂಕ ಹಾಕಿದ ಕೈ ಇದೇ ಕೈ.

ಲೋಕದ ವಿದ್ವಾಂಸರು ಈ ವಿಷಯದಲ್ಲಿ ನಡೆಸುತ್ತಿರುವ ದೊಡ್ಡ ಚರ್ಚೆಯೂ ಇಷ್ಟರಲ್ಲಿಯೇ ಅಡಗಿದೆ. ಒಂದು ಪಕ್ಷದವರು, ಹೊರಗಿನ ಲೋಕದಿಂದ ಬ್ಯಾಂಕಿಗೆ ಏನಾಗುತ್ತದೆ ಎಂಬುದನ್ನಷ್ಟೇ ನೋಡಿದರೆ ಸಾಕು ಎನ್ನುತ್ತಾರೆ. ನೆರೆ ಬಂದು ಸಾಲಗಾರನ ಗದ್ದೆ ಕೊಚ್ಚಿಹೋದರೆ ಸಾಲ ಮರಳಿ ಬಾರದು, ಆದುದರಿಂದ ನೆರೆ ಗಣ್ಯ. 2023ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಲಿ ಹೊರಡಿಸಿದ ನಿಯಮಗಳು ಈ ದಾರಿಯವು. ಹಣ ಹೂಡುವವನಿಗೆ ಬೇಕಾದ ಮಾಹಿತಿ ಅವುಗಳ ಗುರಿ. ಇನ್ನೊಂದು ಪಕ್ಷದವರು, ಬ್ಯಾಂಕಿನಿಂದ ಹೊರಗಿನ ಲೋಕಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕೆನ್ನುತ್ತಾರೆ. ಜಿ.ಆರ್.ಐ. ಎಂಬ ಸಂಸ್ಥೆಯ 2021ರ ಮಾನದಂಡ ಈ ಬಗೆಯದು. ಅದರಲ್ಲಿ ನಮಗೆ ಹಿಡಿಸಿದ ಒಂದು ಅಂಶವಿದೆ. ಕೇಡಿನ ತೀವ್ರತೆಯನ್ನು ಅಳೆಯುವಾಗ ಅದು ಎಷ್ಟು ಜನಕ್ಕೆ ತಟ್ಟಿತು ಎಂಬುದೊಂದನ್ನೇ ನೋಡದೆ, ತಟ್ಟಿದವರಿಗೆ ಎಷ್ಟು ಆಳವಾಗಿ ತಟ್ಟಿತು, ಮತ್ತೆ ಸರಿಪಡಿಸಲು ಸಾಧ್ಯವೋ ಇಲ್ಲವೋ ಎಂಬ ಎರಡನ್ನೂ ಕೇಳಬೇಕೆಂದು ಅದು ಹೇಳುತ್ತದೆ. ಸರಾಸರಿಯ ಲೆಕ್ಕದಲ್ಲಿ ಮುಳುಗಿಹೋಗುವವರು ಈ ಎರಡು ಪ್ರಶ್ನೆಗಳಲ್ಲಿ ಮೇಲಕ್ಕೆ ಬರುತ್ತಾರೆ. ಯುರೋಪಿನವರು 2023ರ ಜನವರಿಯಲ್ಲಿ ಜಾರಿಗೆ ತಂದ ಶಾಸನದಲ್ಲಿ ಎರಡು ದಿಕ್ಕಿನಿಂದಲೂ ನೋಡಬೇಕೆಂದು ವಿಧಿಸಿದರು. 2025ರಲ್ಲಿ ಅದರ ಭಾರವನ್ನು ತಗ್ಗಿಸುವ ಪ್ರಯತ್ನವನ್ನೂ ಅವರೇ ಆರಂಭಿಸಿದರು. ನಮ್ಮ ರಿಸರ್ವ್ ಬ್ಯಾಂಕು 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಹವಾಮಾನದ ಅಪಾಯಗಳ ಕರಡು ನಿಯಮಗಳು ಬಹುಮಟ್ಟಿಗೆ ಮೊದಲ ದಿಕ್ಕಿನವು. ಬ್ಯಾಂಕು ಗಟ್ಟಿಯಾಗಿರಬೇಕೆಂಬುದು ಅದರ ಮೊದಲ ಚಿಂತೆ; ಠೇವಣಿದಾರನ ದೃಷ್ಟಿಯಿಂದ ಅದು ಸಹಜವಾದ ಚಿಂತೆಯೇ.

ಮೊದಲ ದಿಕ್ಕು ಸಾಲದೆಂದು ನಾವು ಏಕೆ ಹೇಳುತ್ತೇವೆಂದರೆ, ಈ ಜಿಲ್ಲೆಯವರು ಒಂದು ಪಾಠವನ್ನು ಬಹಳ ದುಬಾರಿಯ ಬೆಲೆಗೆ ಕಲಿತಿದ್ದಾರೆ. ಸರ್ಕಾರದ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಿದರು. ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವನಿಗೆ ಅದು ಕೀಟನಾಶಕದ ಬಾಬಿನ ಒಂದು ಖರ್ಚು. ತೇಯಾ ಸೊಳ್ಳೆ ಸತ್ತರೆ ಗೇರುಬೀಜದ ಹುಟ್ಟುವಳಿ ಹೆಚ್ಚುತ್ತದೆ, ನಿಗಮದ ಸಾಲ ಸುರಕ್ಷಿತ. ಎಣ್ಮಕಜೆಯ ಪಡ್ರೆಯಂಥ ಊರುಗಳ ತೋಡು ಸುರಂಗಗಳಿಗೆ ಏನು ಇಳಿಯಿತು, ತೊಟ್ಟಿಲಲ್ಲಿ ಏನಾಯಿತು ಎಂಬುದು ಯಾವ ಅಂಕಣಕ್ಕೂ ಬರಲಿಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಆ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದುವು. ಮುಂದಿನ ತಿಂಗಳು ನಮ್ಮ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಇಷ್ಟರ ನಡುವೆ ಮಕ್ಕಳ ಚಿಕಿತ್ಸೆಗೆಂದು ಮನೆ ಮಾರು ಅಡಮಾನವಿಟ್ಟ ಕುಟುಂಬಗಳ ಸಾಲವನ್ನು ಮನ್ನಾ ಮಾಡಬೇಕೆಂಬ ಕೂಗು ವರ್ಷಗಟ್ಟಲೆ ತಿರುವನಂತಪುರದ ವರೆಗೂ ಕೇಳಿಸಿತು. ಅಂದರೆ, ಜನರ ಮೈಗೆ ತಟ್ಟಿದ ಕೇಡು ಕಡೆಗೆ ಬಾರದ ಸಾಲವಾಗಿ ಬ್ಯಾಂಕಿನ ಪುಸ್ತಕಕ್ಕೂ ಬಂತು. ಆದರೆ ಬಂದದ್ದು ಒಂದು ತಲೆಮಾರು ಕಳೆದ ಮೇಲೆ. ಬ್ಯಾಂಕಿನ ಸಾಲದ ಅವಧಿ ಐದು ವರ್ಷ, ಹತ್ತು ವರ್ಷ. ಮಣ್ಣಿನಲ್ಲಿ ಇಳಿದ ವಿಷದ ಅವಧಿ ಬೇರೆ. ಲಾಭ ನಷ್ಟದ ಕನ್ನಡಿಯಲ್ಲಿ ಮಾತ್ರ ನೋಡುವವನಿಗೆ ಕೇಡು ಯಾವಾಗಲೂ ತಡವಾಗಿಯೇ ಕಾಣುತ್ತದೆ.

ಇನ್ನು ಈ ಸಭೆಯಲ್ಲಿ ಹೇಳಬಾರದ ಒಂದು ಮಾತನ್ನೂ ಹೇಳಿಬಿಡುತ್ತೇವೆ. ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ ಮುಕ್ಕಾಲು ಪಾಲು ಅಡಿಕೆ ಬೆಳೆಗಾರರೇ ಇದ್ದೀರಿ, ಕ್ಷಮಿಸಬೇಕು. ನಮ್ಮ ಕಡೆಯ ಬ್ಯಾಂಕಿಗೆ ಅಡಿಕೆ ಮೊದಲ ದಿಕ್ಕಿನಿಂದ ಗಣ್ಯವೆನ್ನುವುದು ಎಲ್ಲರೂ ಒಪ್ಪುವ ಮಾತು. ಆಷಾಢ ಶ್ರಾವಣಗಳಲ್ಲಿ ಮಳೆ ಬಿಡುವು ಕೊಡದೆ ಸುರಿದರೆ ಮೈಲುತುತ್ತು ಸುಣ್ಣದ ದ್ರಾವಣವನ್ನು ಹೊಡೆಯಲು ಸಮಯ ಸಿಕ್ಕುವುದಿಲ್ಲ, ಕೊಳೆರೋಗ ಹಿಡಿಯುತ್ತದೆ, ಮರುವರ್ಷ ಕಂತು ತಪ್ಪುತ್ತದೆ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗಗಳ ಮಾತು ಬೇರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಬೆಳೆಗಾರರ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ಇನ್ನಷ್ಟು ಸಂಶೋಧನೆ ಬೇಕೆಂದು ಕೇಳಿವೆ. ಕೇಳುವ ಹಕ್ಕು ಅವರಿಗಿದೆ. ಹಾಗಿದ್ದರೂ ಅಡಿಕೆಯ ಮೇಲೆ ಸಾಲ ಕೊಡುವ ಬ್ಯಾಂಕು ತನ್ನ ಪಟ್ಟಿಯಲ್ಲಿ ಈ ವಿಷಯವನ್ನು ಬರೆಯದೆ ಬಿಟ್ಟರೆ ಅದು ಲೆಕ್ಕವಾಗುವುದಿಲ್ಲ. ಬರೆದ ಮಾತ್ರಕ್ಕೆ ನಾಳೆಯೇ ಸಾಲ ನಿಲ್ಲಿಸಬೇಕೆಂದಲ್ಲ. ತೋಟದ ನಡುವೆ ಕಾಳುಮೆಣಸು, ಕೊಕ್ಕೊ, ಬಾಳೆ ಹಾಕುವವನಿಗೆ ಕಡಿಮೆ ಬಡ್ಡಿಯಲ್ಲಿ ಕೊಡುವ ಆಲೋಚನೆ ಹುಟ್ಟುವುದು ಬರೆದ ಮೇಲೆಯೇ. ನಮಗೂ ಅರ್ಧ ಎಕರೆ ಅಡಿಕೆ ಇದೆಯೆಂಬುದನ್ನು ತಿಳಿಸಿ ಮುಂದೆ ಹೋಗುತ್ತೇವೆ.

ವರದಿಗಳನ್ನು ಓದುವಾಗ ನಗು ಬರುವ ಒಂದು ಸಂಗತಿಯೂ ಉಂಟು. ಚಿತ್ರಪಟಗಳ ಸಹಿತವಾಗಿ ಮೊದಲ ಪುಟಗಳಲ್ಲಿ ರಾರಾಜಿಸುವುದು ಬ್ಯಾಂಕಿನ ಮಾಡಿನ ಮೇಲಿನ ಸೌರಫಲಕ, ಉಳಿತಾಯದ ದೀಪ, ಕಾಗದದ ಮಿತವ್ಯಯ. ಇವು ಬೇಡವೆಂದಲ್ಲ. ಆದರೆ 2021ರಲ್ಲಿ ಸಿ.ಡಿ.ಪಿ. ಎಂಬ ಸಂಸ್ಥೆಯು ಲೋಕದ ಹಣಕಾಸು ಸಂಸ್ಥೆಗಳ ಲೆಕ್ಕವನ್ನು ಪರಿಶೀಲಿಸಿ, ಅವು ಕೊಟ್ಟ ಸಾಲ ಮತ್ತು ಹೂಡಿಕೆಗಳ ಮೂಲಕ ಹೊರಡುವ ಇಂಗಾಲದ ಅನಿಲ ಅವುಗಳ ಸ್ವಂತ ಕಟ್ಟಡ ವಾಹನಗಳಿಂದ ಹೊರಡುವುದಕ್ಕಿಂತ ಸರಾಸರಿ 700 ಪಟ್ಟಿಗೂ ಹೆಚ್ಚೆಂದು ತಿಳಿಸಿತು. ಬ್ಯಾಂಕಿನ ನಿಜವಾದ ಹೊಗೆಕೊಳವೆ ಅದರ ಸಾಲದ ಖಾತೆಯೇ. ಶಾಖೆಯ ದೀಪ ಆರಿಸಿದ್ದನ್ನು ಗಣ್ಯವೆಂದು ಬರೆದು, ಯಾರಿಗೆ ಸಾಲ ಕೊಟ್ಟೆವೆಂಬುದನ್ನು ಕೊನೆಯ ಪುಟದ ಸಣ್ಣ ಅಕ್ಷರಕ್ಕೆ ತಳ್ಳಿದರೆ, ಮನೆಯ ಕಣಜ ಸುಡುತ್ತಿರುವಾಗ ಒಲೆಯ ಕೊಳ್ಳಿಯನ್ನು ನಂದಿಸಿದಂತೆ.

ಇದಕ್ಕೆ ಪ್ರತಿಯಾಗಿ ನಮ್ಮ ಹಿರಿಯರ ಕೆಲಸವನ್ನು ನೆನೆಯದಿರಲು ಸಾಧ್ಯವಿಲ್ಲ. ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕಾಗಿದ್ದ ಕಾಲದಲ್ಲಿ ಆ ಒಂದು ಜಿಲ್ಲೆಯಲ್ಲಿ ಎಷ್ಟು ಬ್ಯಾಂಕುಗಳು ಹುಟ್ಟಿದುವು! 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ನಿಧಿ ಕೆನರಾ ಬ್ಯಾಂಕಾಯಿತು; ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಆರಂಭವಾದುದು ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಯಿತು. 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ವಿಜಯಾ 2019ರಲ್ಲಿಯೂ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಟಿ. ಎಂ. ಎ. ಪೈಗಳು, ಉಪೇಂದ್ರ ಪೈಗಳು ಮತ್ತು ವಾಮನ ಕುಡ್ವರು 8000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಸಿಂಡಿಕೇಟನ್ನು ಕಟ್ಟಿದುದು ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಹೊತ್ತಿನಲ್ಲಿ, ಅವರಿಗೆ ಹಣ ಒದಗಿಸುವುದಕ್ಕಾಗಿ. 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿದರು. ದಿನವೂ ಬಾಗಿಲಿಗೆ ಹೋಗುವವನಿಗೆ ಆ ಮನೆಯಲ್ಲಿ ಯಾರು ಮಲಗಿದ್ದಾರೆ, ಬಾವಿಯಲ್ಲಿ ನೀರೆಷ್ಟಿದೆ, ಮಗ್ಗ ಸದ್ದು ಮಾಡುತ್ತಿದೆಯೋ ಇಲ್ಲವೋ ಎಂಬುದೆಲ್ಲ ತಾನಾಗಿ ತಿಳಿಯುತ್ತಿತ್ತು. ಆ ಕಾಲವೇ ಚಿನ್ನವೆಂದು ಹೇಳುವವರಲ್ಲಿ ನಾವು ಸೇರಿದವರಲ್ಲ. ಒತ್ತೆಯಿಡಲು ನೆಲವಿಲ್ಲದ ಒಕ್ಕಲಿಗೆ ಆಗಿನ ಬ್ಯಾಂಕಿನ ಮೆಟ್ಟಲನ್ನು ಹತ್ತುವ ಧೈರ್ಯವೇ ಇರಲಿಲ್ಲ. ಆದರೂ ಗಣ್ಯವಾದುದನ್ನು ಗೊತ್ತುಹಚ್ಚುವ ಉಪಾಯವಾಗಿ, ಒಂದರಿಂದ ಐದರ ವರೆಗಿನ ಅಂಕಕ್ಕಿಂತ ಪಿಗ್ಮಿ ಏಜೆಂಟನ ಕಾಲು ಹೆಚ್ಚು ನಂಬತಕ್ಕದ್ದೆಂದು ನಮಗೆ ಈಗಲೂ ಅನಿಸುತ್ತದೆ.

ಕಡೆಯದಾಗಿ ಭಾಷೆಯ ಮಾತು. ಬ್ಯಾಂಕುಗಳು ತಮ್ಮ ಫಾರಂಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಗಳಲ್ಲಿ ಒದಗಿಸಬೇಕೆಂಬ ನಿಯಮವಿದೆ. ಈ ರಾಜ್ಯದಲ್ಲಿ ಪ್ರಾದೇಶಿಕ ಭಾಷೆಯೆಂದರೆ ಸಹಜವಾಗಿ ಮಲಯಾಳ. ಮೂರೂ ಬಾರದ ಒಬ್ಬ ಕನ್ನಡದ ಮುದುಕಿ ಚಿನ್ನದ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಹರಾಜಿನ ಷರತ್ತು ಅವಳಿಗೆ ಎಷ್ಟು ತಿಳಿದಿರುತ್ತದೆ? ಇದನ್ನು ಭಾಷಾಭಿಮಾನದ ಪ್ರಶ್ನೆಯಾಗಿ ಈ ವೇದಿಕೆಯಲ್ಲಿ ಹಲವರು ಎತ್ತಿದ್ದಾರೆ. ನಾವು ಎತ್ತುವುದು ಬ್ಯಾಂಕಿನ ಲೆಕ್ಕದ ಪ್ರಶ್ನೆಯಾಗಿ. ತಿಳಿಯದೆ ಮಾಡಿದ ಸಹಿಯ ಮೇಲೆ ನಿಂತ ಸಾಲ ಗಟ್ಟಿಯಾದ ಸಾಲವಲ್ಲ. ಬಡವರನ್ನು ಒಳಗೊಳ್ಳುವುದು ಗಣ್ಯವೆಂದು ತಾನೇ ಅಚ್ಚು ಹಾಕಿದ ಬ್ಯಾಂಕು ಇದನ್ನು ಬೇರೆ ವಿಷಯವೆಂದು ತಳ್ಳಿಹಾಕುವಂತಿಲ್ಲ. ಮಲಯಾಳಕ್ಕೆ ಇದರಿಂದ ಕುಂದೇನೂ ಇಲ್ಲ; ನಾಲ್ಕನೆಯ ಒಂದು ಹಾಳೆ ಸೇರುತ್ತದೆ, ಅಷ್ಟೆ.

ಸೆಬಿಯ ವರದಿಯ ನಾಲ್ಕನೆಯ ತತ್ತ್ವದ ಕೆಳಗೆ ಇನ್ನೊಂದು ಕೋಷ್ಟಕವಿದೆ. ನಿಮ್ಮ ವ್ಯವಹಾರದಿಂದ ಬಾಧಿತರಾಗುವ ಜನವರ್ಗಗಳು ಯಾವುವು, ಅವರಲ್ಲಿ ದುರ್ಬಲರು ಯಾರು, ಅವರೊಡನೆ ಯಾವ ಮಾರ್ಗದಿಂದ, ಎಷ್ಟು ಸಲ ಮಾತನಾಡುತ್ತೀರಿ ಎಂದು ಅದು ಕೇಳುತ್ತದೆ. ತಮ್ಮ ಖಾತೆಯಿರುವ ಬ್ಯಾಂಕು ಅಲ್ಲಿ ಏನು ಬರೆದಿದೆಯೆಂದು ತಾವು ತೆಗೆದು ನೋಡಬೇಕು. ಓದಬಲ್ಲ ಮಕ್ಕಳಿದ್ದರೆ ಅವರಿಂದ ಓದಿಸಬೇಕು. ನಮ್ಮ ಕಡೆಯ ಕೃಷಿ ಸಾಲದಲ್ಲಿ ಬಹಳಷ್ಟು ಸಹಕಾರಿ ಸಂಘಗಳಿಂದಲೇ ಬರುತ್ತದೆ. ಅವುಗಳಿಗೆ ಸೆಬಿಯ ಕಟ್ಟಳೆ ಇಲ್ಲ. ಆದರೆ ಅವುಗಳ ಮಹಾಸಭೆಯಲ್ಲಿ ತಾವೇ ಸದಸ್ಯರು, ಎದ್ದು ನಿಂತು ಕೇಳಲು ಸೆಬಿಯ ಅಪ್ಪಣೆ ಬೇಕಾಗುವುದಿಲ್ಲ.

ಆ ಪ್ರಶ್ನಾವಳಿಯ ಒಂದು ಕನ್ನಡ ರೂಪವನ್ನು ನಾವು ತಯಾರಿಸಿ ಕಾರ್ಯದರ್ಶಿಗಳ ಕೈಯಲ್ಲಿ ಕೊಟ್ಟಿದ್ದೇವೆ. ಹದಿನಾಲ್ಕು ಪ್ರಶ್ನೆಗಳಿವೆ, ಅಂಕ ಹಾಕುವ ಮನೆಗಳನ್ನು ತೆಗೆದು, ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಜಾಗ ಬಿಟ್ಟಿದ್ದೇವೆ. ನಿಮ್ಮ ಗುಡ್ಡೆಯಲ್ಲಿ ಎಷ್ಟು ಕೊಳವೆಬಾವಿಗಳಿವೆ, ಎಷ್ಟರಲ್ಲಿ ನೀರಿದೆ, ಎಷ್ಟು ಸಾಲದ ಹಣದಿಂದ ತೋಡಿದ್ದು ಎಂಬ ಆರನೆಯ ಪ್ರಶ್ನೆಯನ್ನು ಮೂಲದಲ್ಲಿಲ್ಲದಿದ್ದರೂ ನಾವೇ ಸೇರಿಸಿದ್ದೇವೆ. ಸಂಘದ ತರುಣರು ಊರೂರಿಗೆ ಹೋಗಿ ಕೇಳಿ ಬರುವುದಾಗಿ ಒಪ್ಪಿದ್ದಾರೆ. ಪದಗಳಲ್ಲಿ ತಪ್ಪಿದ್ದರೆ ಈ ಸಭೆಯಲ್ಲಿರುವ ಪಂಡಿತರು ತಿದ್ದಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.